ಎಂಜಿನ್ ಬದಲಿಸುವ ಮುನ್ನ: ಯೂನಿಟಿಯಿಂದ ಗೊಡೋಗೆ ಹೊರಟ ಸ್ವತಂತ್ರ ಗೇಮ್ ತಯಾರಕರಿಗೆ

ಚಿತ್ರವನ್ನು ಪರದೆಗೆ ತರುವುದು, ಎರಡು ವಸ್ತುಗಳು ತಾಗಿದ್ದನ್ನು ಗುರುತಿಸುವುದು, ಧ್ವನಿ ನುಡಿಸುವುದು, ಆಟಗಾರನ ಬೆರಳಿನ ಸ್ಪರ್ಶವನ್ನು ಓದಿಕೊಳ್ಳುವುದು, ಕೊನೆಗೆ ಇಡೀ ಆಟವನ್ನು ಆಂಡ್ರಾಯ್ಡ್ ಅಥವಾ ವಿಂಡೋಸ್‌ಗೆ ಬೇಕಾದ ರೂಪದಲ್ಲಿ ಕಟ್ಟಿಕೊಡುವುದು, ಇವೆಲ್ಲವನ್ನೂ ಒಂದೇ ಕಡೆ ಮಾಡುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎಂದು ಹೆಸರು. ದೊಡ್ಡ ಸಂಸ್ಥೆಗಳಲ್ಲಿ ಎಂಜಿನ್ ಯಾವುದಿರಬೇಕೆಂಬುದನ್ನು ಆಡಳಿತ ನಿರ್ಧರಿಸುತ್ತದೆ. ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ ಸ್ವಂತ ಖರ್ಚಿನಲ್ಲಿ ಆಟ ಕಟ್ಟುವ ಸ್ವತಂತ್ರ ತಯಾರಕರಿಗಾದರೋ ಆ ಆಯ್ಕೆ ಅವರ ಮುಂದಿನ ಹಲವು ವರ್ಷಗಳ ದುಡಿಮೆಯನ್ನೇ ಕಟ್ಟಿಹಾಕುವಂಥದ್ದು. ಹಾಗಾಗಿ ಬಳಕೆಯಲ್ಲಿರುವ ಎಂಜಿನ್ ಬಿಟ್ಟು ಇನ್ನೊಂದಕ್ಕೆ ಹೋಗುವ ತೀರ್ಮಾನವನ್ನು ಸಿಟ್ಟಿನಲ್ಲೂ ತೆಗೆದುಕೊಳ್ಳಬಾರದು, ಅಭ್ಯಾಸ ಬಿಡಲಾಗದೆ ಮುಂದೂಡಲೂಬಾರದು.

ಈ ಪ್ರಶ್ನೆ ಸಾವಿರಾರು ಸ್ವತಂತ್ರ ತಯಾರಕರ ಮುಂದೆ ಒಮ್ಮೆಲೇ ಬಂದು ನಿಂತದ್ದು 2023ರಲ್ಲಿ. ಆ ವರ್ಷದ ಸೆಪ್ಟೆಂಬರ್ 12ರಂದು ಯೂನಿಟಿ ಸಂಸ್ಥೆಯು ತನ್ನ ಎಂಜಿನ್‌ನಿಂದ ತಯಾರಾದ ಆಟವೊಂದು ನಿಗದಿತ ಆದಾಯವನ್ನೂ ನಿಗದಿತ ಅನುಸ್ಥಾಪನೆಗಳ ಸಂಖ್ಯೆಯನ್ನೂ ದಾಟಿದ ಬಳಿಕ ಪ್ರತಿ ಹೊಸ ಅನುಸ್ಥಾಪನೆಗೂ, ಅಂದರೆ ಆಟವನ್ನು ಸಾಧನವೊಂದಕ್ಕೆ ಹಾಕಿಕೊಂಡಾಗಲೆಲ್ಲ, ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ಉಚಿತ ಆವೃತ್ತಿಯ ಬಳಕೆದಾರರಿಗೆ ಹೇಳಿದ ಮಿತಿ ಹನ್ನೆರಡು ತಿಂಗಳಲ್ಲಿ 2 ಲಕ್ಷ ಡಾಲರ್ ಆದಾಯ ಮತ್ತು ಆಟ ಹೊರಬಂದಂದಿನಿಂದ ಒಟ್ಟು 2 ಲಕ್ಷ ಅನುಸ್ಥಾಪನೆ. ಆ ಬಳಿಕದ ಸಾಮಾನ್ಯ ದರ ಒಂದಕ್ಕೆ 20 ಸೆಂಟ್. ಆಟವನ್ನು ಉಚಿತವಾಗಿ ಕೊಟ್ಟು ಜಾಹೀರಾತಿನಿಂದ ಚಿಲ್ಲರೆ ಗಳಿಸುವವರಿಗೆ ಒಬ್ಬ ಆಟಗಾರನಿಂದ ಬರುವ ಹಣಕ್ಕಿಂತ ಅವನಿಗಾಗಿ ತೆರಬೇಕಾದ ಶುಲ್ಕವೇ ಹೆಚ್ಚಾಗುವ ಸಂಭವ ಇದರಲ್ಲಿತ್ತು. ವಿರೋಧ ಎಷ್ಟು ತೀವ್ರವಾಗಿತ್ತೆಂದರೆ ಹತ್ತು ದಿನಗಳಲ್ಲಿ ಸಂಸ್ಥೆ ಕ್ಷಮೆ ಕೇಳಿ ನಿಯಮವನ್ನು ಸಡಿಲಿಸಿತು, ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಜಾನ್ ರಿಕಿಟೆಲ್ಲೊ ಹುದ್ದೆ ತೊರೆದರು, 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವೇ ರದ್ದಾಯಿತು. ಇಂದು ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ, ಅಂದರೆ ಸುಮಾರು ಒಂದೂಮುಕ್ಕಾಲು ಕೋಟಿ ರೂಪಾಯಿಗಿಂತ, ಕಡಿಮೆ ಆದಾಯವಿರುವವರಿಗೆ ಯೂನಿಟಿ ಉಚಿತವಾಗಿಯೇ ಸಿಗುತ್ತದೆ. ಆದ್ದರಿಂದ ಹಣವೊಂದನ್ನೇ ಕಾರಣವಾಗಿಟ್ಟುಕೊಂಡು ಈಗ ಎಂಜಿನ್ ಬದಲಿಸಬೇಕಾದ ಅಗತ್ಯ ಹೆಚ್ಚಿನವರಿಗಿಲ್ಲ. ಉಳಿದಿರುವುದು ಎರಡು ಪ್ರಶ್ನೆಗಳು: ನಿಯಮ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ, ಮತ್ತು ಒಬ್ಬರೇ ಕೂತು ಮಾಡುವ ಕೆಲಸಕ್ಕೆ ಯಾವ ಸಾಧನ ಹಗುರ.

ಎಂಜಿನ್ ಸುಲಭವಾಗಿದೆ ಎನ್ನುವಾಗ ಹಲವರು ಮೊದಲ ದಿನದ ಅನುಭವವನ್ನಷ್ಟೇ ಗಣಿಸುತ್ತಾರೆ. ಮೊದಲ ದಿನ ಸುಲಭವೆನಿಸಿದ ಎಂಜಿನ್ ಆರನೆಯ ತಿಂಗಳಲ್ಲಿ ಕಾಡಬಹುದು. ಬರೆದ ಸಾಲಿನ ಪರಿಣಾಮ ಪರದೆಯ ಮೇಲೆ ಎಷ್ಟು ಬೇಗ ಕಾಣುತ್ತದೆ, ತಪ್ಪಾದಾಗ ಬರುವ ಸಂದೇಶದಿಂದ ತಪ್ಪಿನ ಜಾಗ ತಿಳಿಯುತ್ತದೆಯೇ, ಮಾರ್ಗದರ್ಶಿ ಪುಟಗಳು ಬಳಕೆಯಲ್ಲಿರುವ ಆವೃತ್ತಿಗೆ ಹೊಂದುತ್ತವೆಯೇ, ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸಂಪಾದಕವು, ಎಂದರೆ ಆಟವನ್ನು ಜೋಡಿಸುವ ಕಿಟಕಿಯು, ತಡವರಿಸದೆ ಓಡುತ್ತದೆಯೇ ಎಂಬಿವುಗಳಿಂದಲೇ ಸುಲಭತೆಯನ್ನು ಅಳೆಯಬೇಕು.

ಈ ದೃಷ್ಟಿಯಿಂದ ನೋಡಿದರೆ ಆಯ್ಕೆಗಳು ಹಲವು. ಗೇಮ್‌ಮೇಕರ್ ಎರಡು ಆಯಾಮದ ಆಟಗಳಿಗೆ ಹೇಳಿ ಮಾಡಿಸಿದಂತಿದೆ, 2015ರ ಅಂಡರ್‌ಟೇಲ್ ಅದರಲ್ಲೇ ತಯಾರಾದದ್ದು. 2023ರ ನವೆಂಬರ್‌ನಿಂದ ಅದು ವ್ಯಾಪಾರೇತರ ಬಳಕೆಗೆ ಉಚಿತ, ವ್ಯಾಪಾರಕ್ಕಾದರೆ ಒಂದೇ ಸಲದ ಶುಲ್ಕ. ಕೋಡ್ ಬರೆಯಲು ಇಷ್ಟವಿಲ್ಲದವರಿಗೆ ಘಟನೆ ಮತ್ತು ಕ್ರಿಯೆಗಳನ್ನು ಪಟ್ಟಿಯಂತೆ ಜೋಡಿಸುವ ಕನ್‌ಸ್ಟ್ರಕ್ಟ್ ಹಾಗೂ ಮುಕ್ತ ತಂತ್ರಾಂಶವಾದ ಜಿಡೆವಲಪ್ ಇವೆ. ಅನ್‌ರಿಯಲ್‌ನ ದೃಶ್ಯವೈಭವಕ್ಕೆ ಸಾಟಿಯಿಲ್ಲ, ಒಂದು ಆಟದ ಆದಾಯ 10 ಲಕ್ಷ ಡಾಲರ್ ದಾಟುವವರೆಗೆ ಅದು ರಾಯಧನವನ್ನೂ ಕೇಳುವುದಿಲ್ಲ; ಆದರೆ ಒಬ್ಬರೇ ಮಾಡುವ ಸಣ್ಣ ಆಟಕ್ಕೆ ಅದರ ಗಾತ್ರವೇ ಹೊರೆ. ಯೂನಿಟಿಯಲ್ಲಿ ಪಳಗಿದ ಕೈ, ಕೋಡ್ ಬರೆಯುವ ಅಭ್ಯಾಸ, ಎರಡು ಆಯಾಮದ ಅಥವಾ ಸರಳ ಮೂರು ಆಯಾಮದ ಆಟ ಕಟ್ಟುವ ಉದ್ದೇಶ, ಈ ಮೂರೂ ಇರುವವರಿಗೆ ಗೊಡೋ ಎಲ್ಲಕ್ಕಿಂತ ಹತ್ತಿರದ ದಾರಿ ಎಂಬುದು ಈ ಲೇಖನದ ನಿಲುವು.

ಗೊಡೋ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಾನ್ಸುರ್ ಅವರ ಕೈಯಲ್ಲಿ. 2014ರಲ್ಲಿ ಅದರ ಮೂಲ ಕೋಡ್ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಯಿತು. ಈ ಪರವಾನಗಿಯ ಪ್ರಕಾರ ಎಂಜಿನ್ ಅನ್ನು ಯಾರು ಬೇಕಾದರೂ ಯಾವ ಉದ್ದೇಶಕ್ಕಾದರೂ ಬಳಸಬಹುದು, ತಿದ್ದಬಹುದು, ಅದರಿಂದ ಮಾಡಿದ ಆಟವನ್ನು ಮಾರಬಹುದು. ಪರವಾನಗಿಯ ಪಠ್ಯವನ್ನು ಆಟದೊಂದಿಗೆ ಎಲ್ಲಾದರೂ ಸೇರಿಸಿದರೆ ಸಾಕು. ಮುಂದೊಂದು ದಿನ ಅದನ್ನು ನಡೆಸುವವರು ಮನಸ್ಸು ಬದಲಿಸಿದರೂ ಈಗಾಗಲೇ ಇಳಿಸಿಕೊಂಡ ಆವೃತ್ತಿಯ ಮೇಲಿನ ಹಕ್ಕನ್ನು ಕಸಿಯಲಾಗದು, ಮತ್ತು 2023ರ ಪ್ರಸಂಗದ ಬಳಿಕ ಅಷ್ಟೊಂದು ಜನರು ಇದರತ್ತ ತಿರುಗಿದ್ದಕ್ಕೆ ಈ ಭದ್ರತೆಯೇ ದೊಡ್ಡ ಕಾರಣ. ಟೆರೇರಿಯಾ ಆಟದ ತಯಾರಕರಾದ ರೀ-ಲಾಜಿಕ್ ಸಂಸ್ಥೆ ಆ ಸೆಪ್ಟೆಂಬರ್‌ನಲ್ಲೇ ಗೊಡೋಗೆ 1 ಲಕ್ಷ ಡಾಲರ್ ದೇಣಿಗೆ ಕೊಟ್ಟಿತು. ಡೋಮ್ ಕೀಪರ್, ಬ್ರೊಟೇಟೊ, ಬಕ್‌ಶಾಟ್ ರೂಲೆಟ್ ಮುಂತಾದ, ಚಿಕ್ಕ ತಂಡಗಳ ಅಥವಾ ಒಬ್ಬರದೇ ಆಟಗಳು ಇದರಲ್ಲಿ ತಯಾರಾಗಿ ದೊಡ್ಡ ಮಾರುಕಟ್ಟೆ ಕಂಡಿವೆ.

ಎರಡು ಎಂಜಿನ್‌ಗಳ ಯೋಚನೆಯ ಕ್ರಮ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ನಾಣ್ಯವೊಂದರ ಉದಾಹರಣೆಯಿಂದ ನೋಡಬಹುದು. ಆಟಗಾರನ ಪಾತ್ರ ಓಡುತ್ತಾ ಬಂದು ನಾಣ್ಯವನ್ನು ತಾಗಿದರೆ ಟಿಣ್ ಎಂಬ ಸದ್ದಾಗಬೇಕು, ಅಂಕ ಏರಬೇಕು, ನಾಣ್ಯ ಮಾಯವಾಗಬೇಕು. ಯೂನಿಟಿಯಲ್ಲಿ ಮೊದಲು ಖಾಲಿ ಗೇಮ್ ಆಬ್ಜೆಕ್ಟ್ ಒಂದನ್ನು ಮಾಡಿ, ಚಿತ್ರ ತೋರಿಸುವ, ತಾಗುವಿಕೆ ಗುರುತಿಸುವ, ಸದ್ದು ಮಾಡುವ ಕಾಂಪೊನೆಂಟ್‌ಗಳನ್ನು, ಅಂದರೆ ಒಂದೊಂದು ಗುಣ ಕೊಡುವ ತುಣುಕುಗಳನ್ನು, ಅದಕ್ಕೆ ಅಂಟಿಸಿ, ಕೊನೆಯಲ್ಲಿ ಒಂದು ಸ್ಕ್ರಿಪ್ಟ್ ಜೋಡಿಸಿ, ಮತ್ತೆ ಮತ್ತೆ ಬಳಸಲೆಂದು ಪ್ರಿಫ್ಯಾಬ್ ಆಗಿ ಉಳಿಸಲಾಗುತ್ತದೆ. ಗೊಡೋದಲ್ಲಿ ಆ ತುಣುಕುಗಳೇ ಸ್ವತಂತ್ರ ನೋಡ್‌ಗಳು. ಏರಿಯಾ2ಡಿ ಎಂಬ ನೋಡ್ ತಾಯಿಯ ಸ್ಥಾನದಲ್ಲಿದ್ದು, ಅದರ ಕೆಳಗೆ ಚಿತ್ರದ ನೋಡ್, ಆಕಾರದ ನೋಡ್, ಧ್ವನಿಯ ನೋಡ್ ಮಕ್ಕಳಂತೆ ಕೂರುತ್ತವೆ. ಈ ಇಡೀ ಕುಟುಂಬವನ್ನು ಉಳಿಸಿದರೆ ಅದೇ ಒಂದು ಸೀನ್. ಯೂನಿಟಿಯಲ್ಲಿ ಸೀನ್ ಬೇರೆ, ಪ್ರಿಫ್ಯಾಬ್ ಬೇರೆ. ಗೊಡೋದಲ್ಲಿ ನಾಣ್ಯವೂ ಸೀನ್, ನಾಣ್ಯಗಳಿರುವ ಹಂತವೂ ಸೀನ್, ಹಂತಗಳನ್ನೊಳಗೊಂಡ ಆಟವೂ ಸೀನ್. ಈ ಒಂದು ಮಾತು ಮನಸ್ಸಿಗೆ ಇಳಿದ ಮೇಲೆ ಉಳಿದ ಕಲಿಕೆ ಬೇಗ ಸಾಗುತ್ತದೆ.

ತಾಗಿದ ಸುದ್ದಿ ಸ್ಕ್ರಿಪ್ಟ್‌ಗೆ ತಲುಪುವುದು ಸಿಗ್ನಲ್ ಮೂಲಕ. ಸಿಗ್ನಲ್ ಎಂದರೆ ಒಂದು ನೋಡ್ ತನಗೇನೋ ಆಯಿತೆಂದು ಹೊರಡಿಸುವ ಪ್ರಕಟಣೆ. ಅದನ್ನು ಕೇಳಬಯಸುವ ನೋಡ್‌ಗಳು ಮೊದಲೇ ನೋಂದಾಯಿಸಿಕೊಂಡಿರುತ್ತವೆ, ಮತ್ತು ಈ ನೋಂದಣಿಯನ್ನು ಸಂಪಾದಕದಲ್ಲೇ ಮೌಸ್‌ನಿಂದ ಮಾಡಬಹುದು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ನಾಣ್ಯವನ್ನು ತಾಗಿದ ಕೂಡಲೇ ಅಳಿಸಿದರೆ ಅದರ ಮಗುವಾದ ಧ್ವನಿಯ ನೋಡ್ ಕೂಡ ಅಳಿದು ಸದ್ದೇ ಕೇಳಿಸುವುದಿಲ್ಲ. ಆದ್ದರಿಂದ ನಾಣ್ಯದ ಚಿತ್ರವನ್ನು ಮರೆಮಾಡಿ, ಆಕಾರವನ್ನು ನಿಷ್ಕ್ರಿಯಗೊಳಿಸಿ, ಸದ್ದು ಮುಗಿಯಿತೆಂಬ ಸಿಗ್ನಲ್ ಬಂದ ಮೇಲೆ ಅಳಿಸಬೇಕು. ಆಕಾರವನ್ನು ನಿಷ್ಕ್ರಿಯಗೊಳಿಸುವ ಆದೇಶವನ್ನು ಭೌತಿಕ ಲೆಕ್ಕಾಚಾರದ ನಡುವೆ ಕೊಡದೆ ಮುಂದೂಡಿ ಕೊಡಲು ಸೆಟ್ ಡಿಫರ್ಡ್ ಎಂಬ ಕ್ರಮವಿದೆ. ಅಳಿಸುವುದಕ್ಕೆ ಯೂನಿಟಿಯ ಡಿಸ್ಟ್ರಾಯ್ ಬದಲು ಕ್ಯೂ ಫ್ರೀ, ಆರಂಭಕ್ಕೆ ಸ್ಟಾರ್ಟ್ ಬದಲು ರೆಡಿ, ಪ್ರತಿ ಫ್ರೇಮಿಗೆ ಅಪ್‌ಡೇಟ್ ಬದಲು ಪ್ರೊಸೆಸ್, ಹೀಗೆ ಹೆಸರುಗಳ ಬದಲಾವಣೆ ಕೆಲವೇ ದಿನಗಳಲ್ಲಿ ಅಭ್ಯಾಸವಾಗುವಂಥದ್ದು.

ಅಂಕಿಗಳ ಬದಲಾವಣೆ ಅಷ್ಟು ಸಲೀಸಲ್ಲ. ಯೂನಿಟಿಯು ಎರಡು ಆಯಾಮದ ಆಟದಲ್ಲೂ ದೂರವನ್ನು ತನ್ನದೇ ಮಾನದಲ್ಲಿ ಅಳೆಯುತ್ತದೆ, ಮೂಲ ಹೊಂದಿಕೆಯಲ್ಲಿ 100 ಪಿಕ್ಸೆಲ್ ಸೇರಿ ಒಂದು ಮಾನ. ಗೊಡೋ ನೇರವಾಗಿ ಪಿಕ್ಸೆಲ್‌ನಲ್ಲಿ ಅಳೆಯುತ್ತದೆ. ಅಲ್ಲಿ ಸೆಕೆಂಡಿಗೆ 5 ಎಂದು ಬರೆದ ವೇಗವನ್ನು ಇಲ್ಲಿ 500 ಎಂದು ಬರೆಯಬೇಕು, ಅಲ್ಲಿಯ 9.81ರ ಗುರುತ್ವ ಇಲ್ಲಿ 980. ಜೊತೆಗೆ ಯೂನಿಟಿಯಲ್ಲಿ ಲಂಬ ಅಕ್ಷ ಮೇಲಕ್ಕೆ ಏರುತ್ತದೆ, ಗೊಡೋದ ಎರಡು ಆಯಾಮದಲ್ಲಿ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಜಿಗಿತದ ವೇಗ ಋಣ ಸಂಖ್ಯೆಯಾಗಿರಬೇಕು. ಹಳೆಯ ಕೋಡನ್ನು ಸಾಲು ಸಾಲಾಗಿ ನಕಲಿಸಿದವರ ಪಾತ್ರ ಜಿಗಿಯುವ ಬದಲು ನೆಲದತ್ತ ಒತ್ತಿಕೊಳ್ಳುವುದು ಈ ಕಾರಣಕ್ಕೆ.

ವರ್ಗಾವಣೆಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ಶ್ರಮದ ಅಂದಾಜು ಸಿಗುತ್ತದೆ. ಪಿಎನ್‌ಜಿ ಚಿತ್ರಗಳು, ವೇವ್ ಮತ್ತು ಓಗ್ ಧ್ವನಿಗಳು, ಜಿಎಲ್‌ಟಿಎಫ್ ರೂಪದ ಮೂರು ಆಯಾಮದ ಮಾದರಿಗಳು ಇದ್ದ ಹಾಗೆಯೇ ಬರುತ್ತವೆ. ಸೀನ್‌ಗಳ ಜೋಡಣೆ, ಅನಿಮೇಷನ್ ಬದಲಾಗುವ ನಿಯಮಗಳು, ಬೆಳಕು ಬಣ್ಣಗಳ ಶೇಡರ್‌ಗಳು, ಮೆನು ಪರದೆಗಳು ಬರುವುದಿಲ್ಲ, ಹೊಸದಾಗಿ ಕಟ್ಟಬೇಕು. ಗೊಡೋ ಸಿ ಶಾರ್ಪ್ ಭಾಷೆಯನ್ನೂ ಒಪ್ಪುವುದರಿಂದ ದಾಸ್ತಾನಿನ ಲೆಕ್ಕ, ಶತ್ರುವಿನ ಸರದಿ, ಅಂಕದ ಸೂತ್ರ ಮುಂತಾದ ಎಂಜಿನ್‌ಗೆ ಅಂಟದ ಕೋಡ್ ಬಹುಮಟ್ಟಿಗೆ ಉಳಿಯುತ್ತದೆ, ಎಂಜಿನ್‌ನೊಡನೆ ಮಾತಾಡುವ ಭಾಗವೆಲ್ಲ ತಿದ್ದಬೇಕಾಗುತ್ತದೆ. ಸಿ ಶಾರ್ಪ್ ಬೇಕೆನ್ನುವವರು ಗೊಡೋದ ಡಾಟ್ ನೆಟ್ ಆವೃತ್ತಿಯನ್ನೇ ಇಳಿಸಿಕೊಳ್ಳಬೇಕು, 4.4ರವರೆಗಿನ ನಾಲ್ಕನೆಯ ಸರಣಿಯಲ್ಲಿ ಸಿ ಶಾರ್ಪ್ ಆಟಗಳನ್ನು ವೆಬ್‌ಗೆ ರಫ್ತು ಮಾಡಲಾಗದೆಂಬುದನ್ನೂ ಗಮನದಲ್ಲಿಡಬೇಕು. ಪೈಥಾನ್ ಕಲಿತವರಿಗೆ ಗೊಡೋದ ಸ್ವಂತ ಭಾಷೆಯಾದ ಜಿಡಿಸ್ಕ್ರಿಪ್ಟ್ ಪರಿಚಿತವೆನಿಸುತ್ತದೆ, ಸಂಪಾದಕದೊಂದಿಗೆ ಅದರ ಹೊಂದಾಣಿಕೆಯೂ ಹೆಚ್ಚು. ಹಣ ಕೊಟ್ಟು ಕೊಂಡ ಚಿತ್ರ, ಧ್ವನಿಗಳನ್ನು ಬೇರೆ ಎಂಜಿನ್‌ನಲ್ಲಿ ಬಳಸಬಹುದೇ ಎಂಬುದನ್ನು ಒಂದೊಂದರ ಪರವಾನಗಿ ಓದಿಯೇ ತೀರ್ಮಾನಿಸಬೇಕು.

ಯಾವಾಗ ಬದಲಿಸಬೇಕು ಎಂಬುದಕ್ಕೆ ಒಂದು ಗಟ್ಟಿ ನಿಯಮ ಹೇಳಬಹುದಾದರೆ, ಎರಡು ಆಟಗಳ ನಡುವೆ ಬದಲಿಸಬೇಕು, ಒಂದು ಆಟದ ನಡುವೆ ಅಲ್ಲ. ಇದಕ್ಕೆ ವಿರುದ್ಧವಾಗಿ ನಡೆದವರೂ ಇದ್ದಾರೆ: ಸ್ಲೇ ದಿ ಸ್ಪೈರ್ ಆಟದ ತಯಾರಕರಾದ ಮೆಗಾ ಕ್ರಿಟ್, ಎರಡು ವರ್ಷಕ್ಕೂ ಮೀರಿ ಯೂನಿಟಿಯಲ್ಲಿ ಕೆಲಸ ಮಾಡಿದ ಮೇಲೆ, ಶುಲ್ಕದ ನಿಯಮ ಹಿಂತೆಗೆಯದಿದ್ದರೆ ಎಂಜಿನ್ ಬಿಡುವುದಾಗಿ 2023ರಲ್ಲಿ ಬಹಿರಂಗವಾಗಿ ಹೇಳಿದರು. 2024ರಲ್ಲಿ ಅವರು ಪ್ರಕಟಿಸಿದ ಸ್ಲೇ ದಿ ಸ್ಪೈರ್ 2 ಗೊಡೋದಲ್ಲಿ ತಯಾರಾದದ್ದು. ಈ ಧೈರ್ಯವನ್ನು ಮೆಚ್ಚಬೇಕು, ಆದರೆ ಅನುಕರಿಸುವ ಮುನ್ನ ಅವರ ಹಿಂದೆ ಮೊದಲ ಆಟದ ಭರ್ಜರಿ ಗಳಿಕೆಯೂ ಒಂದು ತಂಡವೂ ಇದ್ದವೆಂಬುದನ್ನು ನೆನೆಯಬೇಕು. ಉದ್ಯೋಗದ ಜೊತೆಗೆ ರಾತ್ರಿ ಕೂತು ಆಟ ಕಟ್ಟುವವರಿಗೆ ಅರ್ಧಕ್ಕೂ ಹೆಚ್ಚು ಮುಗಿದ ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸುವುದೆಂದರೆ ಆ ಆಟ ಎಂದೂ ಹೊರಬರದಿರುವ ಅಪಾಯ. ಮುಗಿಯುವ ಹಂತದಲ್ಲಿರುವುದನ್ನು ಇದ್ದಲ್ಲೇ ಮುಗಿಸಿ ಬಿಡುಗಡೆ ಮಾಡುವುದು ವಿವೇಕ. ಆಟ ಇನ್ನೂ ಮೂಲಮಾದರಿಯಾಗಿದ್ದು, ಒಂದೆರಡು ಹಂತಗಳಷ್ಟೇ ಆಗಿದ್ದರೆ ನಡುವೆ ಬದಲಿಸಿದರೂ ನಷ್ಟವಿಲ್ಲ.

ತೀರ್ಮಾನಕ್ಕೆ ಮುನ್ನ ಒಂದು ಪರೀಕ್ಷೆ ನಡೆಸಬೇಕು. ಬರಲಿರುವ ಆಟದ ತೀರ ಸಣ್ಣ ತುಂಡೊಂದನ್ನು, ಒಂದು ಮೆನು, ಓಡಾಡುವ ಒಂದು ಪಾತ್ರ, ಒಂದು ಶತ್ರು, ಅಂಕ ಉಳಿಸುವ ವ್ಯವಸ್ಥೆ ಇಷ್ಟನ್ನು, ಹೊಸ ಎಂಜಿನ್‌ನಲ್ಲಿ ಕಟ್ಟಿ ನಿಜವಾದ ಫೋನಿಗೆ ಹಾಕಿ ಆಡಬೇಕು. ಫೋನಿಗೆ ಹಾಕುವ ಹೆಜ್ಜೆಯನ್ನು ಕೊನೆಗೆ ನೋಡೋಣವೆಂದು ಬಿಡಬಾರದು, ಏಕೆಂದರೆ ಆಂಡ್ರಾಯ್ಡ್ ಉಪಕರಣಗಳ ಜೋಡಣೆ, ಸಹಿಯ ಕೀಲಿ, ಪರದೆಗಳ ಅಳತೆ ಮುಂತಾದ ನಿಜವಾದ ತೊಡಕುಗಳು ಎದುರಾಗುವುದು ಅಲ್ಲಿಯೇ. ಗೊಡೋ ಸಂಪಾದಕ ಅನುಸ್ಥಾಪನೆ ಬೇಡದ ಪುಟ್ಟ ಫೈಲ್ ಆಗಿ ಬರುತ್ತದೆ, ರಫ್ತಿಗೆ ಬೇಕಾದ ಟೆಂಪ್ಲೇಟ್‌ಗಳು ಪ್ರತ್ಯೇಕವಾಗಿ ಸುಮಾರು ಒಂದು ಜಿಬಿ ಆಗುತ್ತವೆ. ಹಳೆಯ ಕಂಪ್ಯೂಟರ್ ಇರುವವರು ಹೊಸ ಪ್ರಾಜೆಕ್ಟ್ ತೆರೆಯುವಾಗ ಕಂಪ್ಯಾಟಿಬಿಲಿಟಿ ಎಂಬ ಚಿತ್ರಣ ವಿಧಾನವನ್ನು ಆರಿಸಿಕೊಂಡರೆ ಓಟ ಹಗುರವಾಗುತ್ತದೆ. ಪಾಠಗಳನ್ನು ಹುಡುಕುವಾಗ ಆವೃತ್ತಿ ನೋಡುವುದು ಕಡ್ಡಾಯ: 2023ರ ಮಾರ್ಚ್‌ನಲ್ಲಿ ಬಂದ 4.0 ಅನೇಕ ಹೆಸರುಗಳನ್ನು ಬದಲಿಸಿತು, ಕೈನಮ್ಯಾಟಿಕ್ ಬಾಡಿ ಎಂಬುದು ಕ್ಯಾರೆಕ್ಟರ್ ಬಾಡಿ ಆಯಿತು, ಈಲ್ಡ್ ಹೋಗಿ ಅವೈಟ್ ಬಂದಿತು. ಮೂರನೆಯ ಸರಣಿಯ ವೀಡಿಯೊ ನೋಡುತ್ತ ನಾಲ್ಕರಲ್ಲಿ ಬರೆದವರು ತಮ್ಮದಲ್ಲದ ತಪ್ಪನ್ನು ಗಂಟೆಗಟ್ಟಲೆ ಹುಡುಕುತ್ತಾರೆ.

ಪ್ಲೇ ಸ್ಟೋರ್‌ನಲ್ಲಿ ಈಗಾಗಲೇ ಇರುವ ಆಟವನ್ನು ಹೊಸ ಎಂಜಿನ್‌ಗೆ ತರುವವರು ಇನ್ನೂ ಎಚ್ಚರದಿಂದಿರಬೇಕು. ಪ್ಯಾಕೇಜ್ ಹೆಸರು ಹಳೆಯದೇ ಆಗಿರಬೇಕು, ಹಳೆಯ ಸಹಿ ಕೀಲಿಯೇ ಬೇಕು, ಆವೃತ್ತಿ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಿರಬೇಕು; ಇಲ್ಲವಾದರೆ ಅದು ಅದೇ ಆಟದ ಪರಿಷ್ಕರಣೆಯಾಗಿ ಸ್ವೀಕೃತವಾಗದು. ಇಷ್ಟಾದರೂ ಯೂನಿಟಿಯು ಪ್ಲೇಯರ್ ಪ್ರೆಫ್ಸ್ ಎಂಬಲ್ಲಿ ಉಳಿಸಿದ ಆಟಗಾರರ ಅಂಕ, ಹಂತ, ಖರೀದಿಗಳ ದಾಖಲೆಯನ್ನು ಗೊಡೋ ತಾನಾಗಿ ಓದುವುದಿಲ್ಲ. ಎಂಜಿನ್ ಬದಲಿಸುವ ಮುನ್ನ ಹಳೆಯ ಎಂಜಿನ್‌ನಲ್ಲೇ ಒಂದು ಪರಿಷ್ಕರಣೆ ಬಿಡುಗಡೆ ಮಾಡಿ, ಈ ದಾಖಲೆಯನ್ನು ಹೊಸ ಆಟವೂ ಓದಬಲ್ಲ ಸಾದಾ ಫೈಲ್ ಆಗಿ ಆಟದ ಸ್ವಂತ ಕಡತಕೋಶದಲ್ಲಿ ಬರೆಸುವುದು ಕ್ಷೇಮ. ತಿಂಗಳುಗಟ್ಟಲೆ ಆಡಿದವರಿಗೆ ಎಲ್ಲವೂ ಸೊನ್ನೆಯಿಂದ ಆರಂಭವಾದರೆ ಅವರ ಸಿಟ್ಟು ನ್ಯಾಯವಾದದ್ದೇ.

ಗೊಡೋದ ಮಿತಿಗಳನ್ನೂ ಹೇಳದಿದ್ದರೆ ಮಾರ್ಗದರ್ಶನ ಅರ್ಧವಾಗುತ್ತದೆ. ಪ್ಲೇಸ್ಟೇಷನ್, ನಿಂಟೆಂಡೊ ಸ್ವಿಚ್‌ನಂಥ ಆಟದ ಯಂತ್ರಗಳ ತಾಂತ್ರಿಕ ವಿವರಗಳು ಗೋಪ್ಯತೆಯ ಒಪ್ಪಂದಕ್ಕೆ ಒಳಪಟ್ಟಿರುವುದರಿಂದ ಅವುಗಳಿಗೆ ಬೇಕಾದ ಕೋಡ್ ಮುಕ್ತ ಎಂಜಿನ್‌ನ ಭಾಗವಾಗಲಾರದು. ಆ ಯಂತ್ರಗಳಿಗೆ ಆಟ ಒಯ್ಯಲು ಡಬ್ಲ್ಯೂ4 ಗೇಮ್ಸ್‌ನಂಥ ಸಂಸ್ಥೆಗಳ ಸೇವೆಯನ್ನು ಪಡೆಯಬೇಕಾಗುತ್ತದೆ. ಜಾಹೀರಾತು ಹಾಗೂ ಆಟದೊಳಗಿನ ಖರೀದಿಗೆ ಪ್ರತ್ಯೇಕ ಪ್ಲಗಿನ್‌ಗಳು ಬೇಕು, ಅವುಗಳಲ್ಲಿ ಹಲವು ಸ್ವಯಂಸೇವಕರ ಬಿಡುವನ್ನು ಅವಲಂಬಿಸಿವೆ. ಗೇಮ್ ಸಂಸ್ಥೆಗಳಲ್ಲಿ ಕೆಲಸ ಹುಡುಕುವ ಉದ್ದೇಶವಿರುವವರಿಗೆ ಯೂನಿಟಿ, ಅನ್‌ರಿಯಲ್ ಪರಿಣತಿಗೇ ಇಂದಿಗೂ ಬೆಲೆ ಹೆಚ್ಚು.

ಕನ್ನಡದಲ್ಲಿ ಆಟ ಮಾಡುವವರಿಗೆ ಈ ಎಲ್ಲಕ್ಕಿಂತ ಮುಖ್ಯವಾಗಬೇಕಾದ ವಿಷಯ ಪಠ್ಯದ ಜೋಡಣೆ. ಕನ್ನಡ ಅಕ್ಷರಗಳು ಕಂಪ್ಯೂಟರ್‌ನಲ್ಲಿ ಉಳಿಯುವ ಕ್ರಮ ಒಂದು, ಪರದೆಯ ಮೇಲೆ ಕಾಣಬೇಕಾದ ಕ್ರಮ ಇನ್ನೊಂದು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಕೇತಗಳಾಗಿ ಸಾಲುಗಟ್ಟಿರುತ್ತದೆ. ತೋರಿಸುವಾಗ ತಕಾರ ರಕಾರಗಳು ಒತ್ತುಗಳಾಗಿ ಕೆಳಗಿಳಿಯಬೇಕು, ಕೊನೆಯಲ್ಲಿರುವ ಗುಡಿಸು ಮೊದಲಿನ ಸಕಾರದ ತಲೆಗೇರಬೇಕು. ‘ಕರ್ನಾಟಕ’ದಲ್ಲಿ ರಕಾರ ಮೊದಲು ಉಳಿದಿದ್ದರೂ ಅರ್ಕಾವೊತ್ತಾಗಿ ‘ನಾ’ದ ಬಳಿಕ ಬರಬೇಕು. ಈ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಭಾರತೀಯ ಲಿಪಿಗಳಿಗೆ ಈ ಕೆಲಸವನ್ನು ಮಾಡದಿದ್ದುದರಿಂದ ಒತ್ತಕ್ಷರಗಳು ಹಲಂತದೊಡನೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಗೊಡೋ 4.0ರಿಂದ ಹಾರ್ಫ್‌ಬಝ್ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶದ ನೆರವಿನಿಂದ ಶೇಪಿಂಗ್ ಅನ್ನು ಎಂಜಿನ್‌ನೊಳಗೇ ಮಾಡುತ್ತದೆ; ಮೂರನೆಯ ಸರಣಿಯಲ್ಲಿ ಈ ಸೌಲಭ್ಯ ಇರಲಿಲ್ಲ, ಆದ್ದರಿಂದ ಕನ್ನಡ ಆಟಕ್ಕೆ ನಾಲ್ಕನೆಯ ಸರಣಿಯೇ ಬೇಕು.

ಆದರೂ ಮೂರು ಎಚ್ಚರಗಳು ಅಗತ್ಯ. ಎಂಜಿನ್‌ನ ಸ್ವಂತ ಫಾಂಟ್‌ನಲ್ಲಿ ಕನ್ನಡ ಇಲ್ಲ. ತಯಾರಕರ ಕಂಪ್ಯೂಟರ್‌ನಲ್ಲಿ ಕಾಣುವ ಕನ್ನಡ ವ್ಯವಸ್ಥೆಯ ಫಾಂಟ್‌ನಿಂದ ಎರವಲು ಬಂದದ್ದು, ವೆಬ್‌ಗೆ ರಫ್ತು ಮಾಡಿದಾಗ ಆ ಎರವಲು ಸಿಗದೆ ಚೌಕಗಳಷ್ಟೇ ಕಾಣುತ್ತವೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಅನ್ನು ಆಟದೊಳಗೇ ಸೇರಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಾದ ಸಂಭಾಷಣೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು. ಇನ್ನು ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಬೇಕಾದಲ್ಲಿ ಲೇಬಲ್ ನೋಡ್‌ನ ಮೂಲ ಹೊಂದಿಕೆ ಪಠ್ಯವನ್ನು ಶೇಪಿಂಗ್‌ಗೆ ಮೊದಲೇ ಕತ್ತರಿಸುತ್ತದೆ. ಆಗ ‘ಸ್ತ್ರೀ’ ಮೂಡುವ ಮುನ್ನ ‘ಸ’, ‘ಸ್’, ‘ಸ್ತ’ ಎಂದು ರೂಪ ಬದಲಿಸುತ್ತಾ ಕಣ್ಣಿಗೆ ಕಿರಿಕಿರಿಯಾಗುತ್ತದೆ. ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಎಂಬ ಹೊಂದಿಕೆಯಲ್ಲಿ ಶೇಪಿಂಗ್‌ನ ನಂತರ ಕತ್ತರಿಸುವ ಆಯ್ಕೆಯನ್ನು ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಪರೀಕ್ಷೆಯ ತುಂಡು ಆಟದಲ್ಲಿ ‘ಸ್ತ್ರೀ’, ‘ಕರ್ನಾಟಕ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂಬ ಪದಗಳಿರುವ ಒಂದು ಪರದೆಯನ್ನು ಸೇರಿಸಿ ಫೋನಿನಲ್ಲೂ ಬ್ರೌಸರ್‌ನಲ್ಲೂ ನೋಡಬೇಕು. ಎಲ್ಲಾದರೂ ಒತ್ತು ಜಾರಿದ್ದರೆ, ಫಾಂಟ್‌ನ ಹೆಸರು, ಎಂಜಿನ್‌ನ ಆವೃತ್ತಿ, ಪರದೆಯ ಚಿತ್ರಗಳೊಂದಿಗೆ ಗೊಡೋದ ದೋಷ ವರದಿ ವಿಭಾಗಕ್ಕೆ ಬರೆಯಬೇಕು. ಎಂಜಿನ್ ತಿದ್ದುವವರಲ್ಲಿ ಕನ್ನಡ ಓದಬಲ್ಲವರು ಇಲ್ಲದಿರಬಹುದು, ಅಕ್ಷರ ತಪ್ಪಾಗಿ ಕಾಣುತ್ತಿದೆ ಎಂದು ಅವರಿಗೆ ಹೇಳಬೇಕಾದವರು ಕನ್ನಡದಲ್ಲಿ ಆಟ ಕಟ್ಟುವವರೇ.